ಆರ್ಕಿಟೆಕ್ಟ್ ಹತ್ರ ರಿಜಿಸ್ಟ್ರೇಷನ್ ನಂಬರ್ ಕೇಳ್ಬಹುದಾ? ಗೊತ್ತಿದ್ದವರು ಹೇಳಿ

ಕಟಪಾಡಿಯಿಂದ: ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಲಿಕ್ಕುಂಟು. ಒಬ್ರು ಪ್ಲ್ಯಾನ್ ಮಾಡಿ ಕೊಡ್ತೇನೆ ಅಂದಿದ್ದಾರೆ, ವಿಸಿಟಿಂಗ್ ಕಾರ್ಡಲ್ಲಿ ಆರ್ಕಿಟೆಕ್ಟ್ ಅಂತ ಉಂಟು, ಆದ್ರೆ ಓದಿದ್ದು ಇಂಟೀರಿಯರ್ ಡಿಪ್ಲೊಮಾ ಅಂತೆ. ಕೆಲಸ ಗೊತ್ತಿದ್ರೆ ಆಯ್ತಲ್ಲ ನಂಬರ್ ಎಂತಕ್ಕೆ ಅಂತಾರೆ ಭಾವ. ಅಡ್ವಾನ್ಸ್ ಕೊಡುವ ಮೊದ್ಲು ಎಂತ ನೋಡ್ಬೇಕು?

ಸುರತ್ಕಲ್‌ನಿಂದ: ಧಾರಾಳ ಕೇಳಿ ಮಾರಾಯ್ರೆ, ಕೇಳದೆ ದುಡ್ಡು ಕೊಡ್ಬೇಡಿ. ನಮ್ಮ ಮನೆಯ ಪ್ಲ್ಯಾನ್ ಮಾಡಿದವರೂ ಕಾರ್ಡಲ್ಲಿ ಹಾಗೇ ಹಾಕ್ಕೊಂಡಿದ್ರು, ಮೆಟ್ಟಿಲು ಹತ್ತುವಾಗ ಬೀಮ್ ಸೀದಾ ಹಣೆಗೆ ತಾಗ್ತದೆ, ಪಡು ದಿಕ್ಕಿನ ಕಿಟಕಿಗೆ ಸನ್‌ಶೇಡ್ ಗಿಡ್ಡ ಆಗಿ ಜೂನ್ ಬಂದ್ರೆ ಒಳಗೆಲ್ಲ ನೀರು. ಕಂಪ್ಲೇಂಟ್ ಕೊಡುವ ಅಂತ, ಆರ್ಕಿಟೆಕ್ಟರನ್ನು ರಿಜಿಸ್ಟರ್ ಮಾಡುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿಗೆ ಫೋನ್ ಮಾಡಿದ್ರೆ ರಿಜಿಸ್ಟರಲ್ಲಿ ಅವರ ಹೆಸರೇ ಇಲ್ಲ. ಹೆಸರು ಇದ್ದವರಾದ್ರೆ ಮಿಸ್‌ಕಂಡಕ್ಟ್ ಅಂತ ವಿಚಾರಣೆ ಮಾಡಿ ಎಚ್ಚರಿಕೆ ಕೊಡ್ಲಿಕ್ಕೆ, ಸಸ್ಪೆಂಡ್ ಮಾಡ್ಲಿಕ್ಕೆ, ಹೆಸರೇ ತೆಗೀಲಿಕ್ಕೆ ಕೌನ್ಸಿಲಿಗೆ ಅಧಿಕಾರ ಉಂಟು. ಇಲ್ಲದವರಾದ್ರೆ ನಾವು ಕನ್ಸ್ಯೂಮರ್ ಕೋರ್ಟಿಗೆ ಅಲೀಬೇಕು. ನಂಬರ್ ಎಂತಕ್ಕೆ ಅಂದ್ರೆ ಇದಕ್ಕೇ, ಭಾವನಿಗೆ ಹೇಳಿ.

ಮಣಿಪಾಲದಿಂದ: ನಾನು ಆರ್ಕಿಟೆಕ್ಟೇ, ಸ್ವಲ್ಪ ಬಿಡಿಸಿ ಹೇಳ್ತೇನೆ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ರಿಜಿಸ್ಟರಲ್ಲಿ ಹೆಸರಿದ್ದವರು ಮಾತ್ರ ಆರ್ಕಿಟೆಕ್ಟ್. ಐದು ವರ್ಷ ಬಿ.ಆರ್ಕ್ ಮುಗಿಸಿದ್ರೂ ರಿಜಿಸ್ಟರ್ ಆಗುವವರೆಗೆ ಆ ಹೆಸರು ಹಾಕುವ ಹಾಗಿಲ್ಲ. ನಂಬರ್ ಸಿಎ ಅಂತ ಶುರುವಾಗಿ ನಡುವೆ ರಿಜಿಸ್ಟರ್ ಆದ ವರ್ಷ ಇರ್ತದೆ, ಕೌನ್ಸಿಲ್ ವೆಬ್‌ಸೈಟಲ್ಲಿ ಹಾಕಿ ನೋಡಿ, ಊರು ಹೆಸರು ತಾಳೆ ಆಗ್ತದಾ ಅಂತ. ರಿನ್ಯೂವಲ್ ಆಗಿದ್ಯಾ ಅಂತಲೂ ಕೇಳಿ, ಫೀಸ್ ಕಟ್ಟದಿದ್ರೆ ಹೆಸರು ತೆಗೀತಾರೆ.

ಆದ್ರೆ ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ ಆಕ್ಟಿನ 37ನೇ ಸೆಕ್ಷನ್ ತಡೆಯುವುದು ಆರ್ಕಿಟೆಕ್ಟ್ ಅಂತ ಕರ್ಕೊಳ್ಳುವುದನ್ನು ಮಾತ್ರ, ಮನೆ ಡಿಸೈನ್ ಮಾಡುವುದನ್ನಲ್ಲ. ಹಾಗಾಗಿ ನಿಮ್ಮವರು ಡಿಸೈನ್ ಮಾಡಿದ್ರೆ ಈ ಆಕ್ಟಲ್ಲಿ ತಪ್ಪಿಲ್ಲ, ಕಾರ್ಡಲ್ಲಿ ಹಾಗೆ ಬರ್ಕೊಂಡದ್ದು ತಪ್ಪು. ಅದಕ್ಕೆ 1972ರಲ್ಲಿ ಇಟ್ಟ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಇಷ್ಟು ಸಣ್ಣ ಮೊತ್ತಕ್ಕೆ ಯಾರು ಹೆದರ್ತಾರೆ ಹೇಳಿ, ನಮಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಮತ್ತೆ, ಆರ್ಕಿಟೆಕ್ಟರು ಹೇಗೆ ನಡ್ಕೊಳ್ಬೇಕು ಅನ್ನುವ 1989ರ ಕಂಡಕ್ಟ್ ರೆಗ್ಯುಲೇಷನ್ ಪ್ರಕಾರ ಫೀಸ್ ಎಷ್ಟು, ಕೆಲಸದ ಷರತ್ತು ಎಂತ ಅಂತ ಆರ್ಕಿಟೆಕ್ಟ್ ಕ್ಲೈಂಟಿಗೆ ಮೊದಲೇ ತಿಳಿಸ್ಬೇಕು. ಸೈಟಿಗೆ ಯಾವ್ಯಾವ ಹಂತದಲ್ಲಿ ಬರ್ತಾರೆ ಅಂತಲೂ ಸೇರಿಸಿ ಅಗ್ರಿಮೆಂಟಲ್ಲಿ ಬರೆಸಿ ಸೈನ್ ಹಾಕಿಸ್ಕೊಳ್ಳಿ.

ಕುಂದಾಪುರದಿಂದ: ಸಿವಿಲ್ ಇಂಜಿನಿಯರ್ ಹತ್ರ ಮಾಡಿಸುವುದಾದ್ರೂ ತೊಂದರೆ ಇಲ್ಲ, ನಮ್ದು ಹಾಗೇ ಆದದ್ದು. ಅವರಿಗೆ ಈ ನಂಬರ್ ಇರುವುದಿಲ್ಲ, ಪ್ಲ್ಯಾನಿಗೆ ಯಾರ ಸೈನ್ ನಡೀತದೆ ಅಂತ ನಿಮ್ಮ ಪಂಚಾಯತಲ್ಲಿ ಮೊದಲೇ ಕೇಳಿ. ದೊಡ್ಡ ಆಫೀಸಾದ್ರೆ ಬೋರ್ಡ್ ನೋಡಿ ಸುಮ್ಮನಾಗ್ಬೇಡಿ, ನಿಮ್ಮ ಡ್ರಾಯಿಂಗಿಗೆ ಸೈನ್ ಹಾಕುವವರು ಯಾರು ಅಂತ ಕೇಳಿ ಅವರ ನಂಬರನ್ನೇ ತಗೊಳ್ಳಿ.