ರಾತ್ರಿಯ ಬಯಲಾಟದ ಚಿತ್ರಗಳಿಗೆ ಯಾವ ಲೆನ್ಸ್, ಯಾವ ಸೆಟ್ಟಿಂಗ್?

ಬಯಲಾಟಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ನಿಕಾನ್ ಡಿ3500 ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18-55 ಎಂ.ಎಂ. ಲೆನ್ಸ್ ಇವೆ. ಹಗಲಿನ ಚಿತ್ರಗಳು ಚೆನ್ನಾಗಿ ಬರುತ್ತವೆ. ಆದರೆ ನಮ್ಮ ಕಡೆಯ ತೆಂಕುತಿಟ್ಟು ಶೈಲಿಯ ಯಕ್ಷಗಾನ ಆಟಗಳಲ್ಲಿ ತೆಗೆದ ಚಿತ್ರಗಳಲ್ಲಿ ವೇಷಧಾರಿಯ ಕೈಕಾಲುಗಳು ಕಲಸಿಹೋಗುತ್ತವೆ, ಮುಖದ ಬಣ್ಣಗಾರಿಕೆ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಚಿತ್ರದುದ್ದಕ್ಕೂ ಮಬ್ಬು ಪಟ್ಟಿಗಳು ಮೂಡುತ್ತವೆ. ಕಲಾವಿದರಿಗೂ ಪ್ರೇಕ್ಷಕರಿಗೂ ತೊಂದರೆಯಾಗುವುದರಿಂದ ಫ್ಲ್ಯಾಶ್ ಬಳಸಲು ನನಗೆ ಇಷ್ಟವಿಲ್ಲ. ಹೊಸ ಕ್ಯಾಮೆರಾ ಕೊಳ್ಳಬೇಕೇ, ಲೆನ್ಸ್ ಬದಲಿಸಿದರೆ ಸಾಕೇ ಅಥವಾ ಸೆಟ್ಟಿಂಗ್‌ಗಳಲ್ಲೇ ಪರಿಹಾರವಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ನೆರಳುಬೆಳಕು:
ಕ್ಯಾಮೆರಾ ಬದಲಿಸುವ ಅಗತ್ಯ ಖಂಡಿತ ಇಲ್ಲ. ತೊಡಕಿರುವುದು ಲೆನ್ಸಿನಲ್ಲಿ. ನಿಮ್ಮ ಲೆನ್ಸನ್ನು 55 ಎಂ.ಎಂ.ಗೆ ಎಳೆದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಕಿರಿದಾದಷ್ಟೂ ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಎಫ್/1.8ರ 50 ಎಂ.ಎಂ. ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಮಟ್ಟ), ಈಗ 1/50 ಸೆಕೆಂಡಿಗೆ ಸಿಗುತ್ತಿರುವ ಚಿತ್ರ 1/500 ಸೆಕೆಂಡಿಗೇ ಸಿಗುತ್ತದೆ. ಕೊಳ್ಳುವಾಗ ಮಾತ್ರ ಎಚ್ಚರವಿರಲಿ: ಡಿ3500ರ ಒಳಗೆ ಫೋಕಸ್ ಮೋಟಾರ್ ಇಲ್ಲದ ಕಾರಣ ಹಳೆಯ ಎಎಫ್-ಡಿ ಮಾದರಿಯ 50 ಎಂ.ಎಂ. ಲೆನ್ಸ್ ಅದರಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ಎಎಫ್-ಎಸ್ ಮಾದರಿಯ 1.8ಜಿ ಲೆನ್ಸನ್ನೇ ಕೇಳಿ ಪಡೆಯಿರಿ, ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ. ರಂಗಸ್ಥಳದಿಂದ ಆರು ಮೀಟರ್ ದೂರದಲ್ಲಿ ನಿಂತು ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಕಿರೀಟದಿಂದ ಗೆಜ್ಜೆಯವರೆಗೆ ಇಡೀ ವೇಷ ಚೌಕಟ್ಟಿನೊಳಗೆ ಕೂರುತ್ತದೆ.

ಮುಖ ಬಿಳಿಚಿಕೊಳ್ಳುವುದಕ್ಕೆ ಕಾರಣ ವೇಷದ ಸುತ್ತಲಿನ ಕತ್ತಲೆ. ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕನ್ನು ಅಳೆದು, ಕತ್ತಲೆಯನ್ನೂ ಬೆಳಗಿಸಲು ಹೊರಡುವುದರಿಂದ ಮುಖಕ್ಕೆ ಬೆಳಕು ಅತಿಯಾಗುತ್ತದೆ. ಬೆಳಕು ಬದಲಾಗದೆ ಇರುವ ರಂಗಸ್ಥಳದಲ್ಲಿ, ಎಲ್ಲವನ್ನೂ ನಾವೇ ಹೊಂದಿಸುವ ಎಂ ಮೋಡ್ ಒಳ್ಳೆಯದು. ಕೋಡಂಗಿ, ಬಾಲಗೋಪಾಲ ವೇಷಗಳು ಕುಣಿಯುವ ಪೂರ್ವರಂಗದ ಹೊತ್ತಿನಲ್ಲೇ ಎಫ್/2.8, 1/250 ಸೆಕೆಂಡ್, ಐಎಸ್‌ಒ 3200 ಎಂದು ಆರಂಭಿಸಿ, ಬೆಳಕು ಅತಿಯಾದ ಭಾಗವನ್ನು ಮಿನುಗಿಸಿ ತೋರಿಸುವ ಪ್ಲೇಬ್ಯಾಕ್‌ನ ಹೈಲೈಟ್ಸ್ ಪುಟದಲ್ಲಿ ಮುಖದ ಭಾಗ ಮಿನುಗುತ್ತಿದ್ದರೆ ಐಎಸ್‌ಒ ಇಳಿಸುತ್ತಾ ಬನ್ನಿ. ಹತ್ತಿರದಿಂದ ತೆಗೆಯುವಾಗ ಎಫ್/1.8ಕ್ಕೆ ಹೋಗದಿರುವುದು ಲೇಸು. ಮೂರು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕಾಲು ಮೀಟರಿನಷ್ಟೇ ಇರುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಉಳಿಸಿಕೊಂಡರೆ ಬಣ್ಣದ ದೀಪಗಳಿಂದ ಕೆಟ್ಟ ವೈಟ್ ಬ್ಯಾಲೆನ್ಸನ್ನು (ಬಣ್ಣಗಳ ಸಮತೋಲನ) ಮನೆಯಲ್ಲಿ ಸರಿಪಡಿಸಬಹುದು.

ಬಯಲಾಟಪ್ರಿಯ:
ಧನ್ಯವಾದಗಳು. ಆದರೆ ಶಟರ್ ವೇಗ ಹೆಚ್ಚಿಸಿದಷ್ಟೂ ಆ ಮಬ್ಬು ಪಟ್ಟಿಗಳು ಹೆಚ್ಚುತ್ತವೆ. ಮಹಿಷಾಸುರನ ಪ್ರವೇಶಕ್ಕೂ ಇದೇ ಸೆಟ್ಟಿಂಗ್ ಸಾಕಾಗುತ್ತದೆಯೇ?

ಕಡಲತಡಿ:
ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟ್ ಮತ್ತು ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಶಟರ್ 1/100 ಸೆಕೆಂಡ್ ತೆರೆದಿದ್ದರೆ ಒಂದು ಪೂರ್ತಿ ಏರಿಳಿತ ಒಳಗೆ ಬರುವುದರಿಂದ ಪಟ್ಟಿ ಮೂಡುವುದಿಲ್ಲ. ಅದಕ್ಕಿಂತ ವೇಗವಾದರೆ ಏರಿಳಿತದ ತುಣುಕು ಮಾತ್ರ ಸಿಗುತ್ತದೆ. ಆದ್ದರಿಂದ ಮಾತುಗಾರಿಕೆಯ ಸನ್ನಿವೇಶಗಳಿಗೂ ಒಡ್ಡೋಲಗದ (ಪಾತ್ರದ ವೈಭವದ ಪ್ರವೇಶ) ನಿಲುವುಗಳಿಗೂ 1/100 ಇಟ್ಟುಕೊಳ್ಳಿ. ಹಾರಿ ಸುತ್ತುವ ಧಿಗಿಣಕ್ಕೆ ಅದು ಸಾಲದು. ಹಾರಿದ ದೇಹ ಮೇಲ್ತುದಿಯಲ್ಲಿ ಕ್ಷಣಕಾಲ ನಿಂತಂತೆ ಕಂಡರೂ ಮುಖ ತಿರುಗುತ್ತಲೇ ಇರುವುದರಿಂದ ಅಲ್ಲಿ 1/500 ಬೇಕು. ಅಂಥ ಕಡೆ ನಿರಂತರ ಶೂಟಿಂಗ್ ಬಳಸಿ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಐದು ಚಿತ್ರ ತೆಗೆಯುತ್ತದೆ, ಅವುಗಳಲ್ಲಿ ಕೆಲವಕ್ಕೆ ಪಟ್ಟಿಯ ಕಾಟ ಕಡಿಮೆ ಇರುತ್ತದೆ. ಚೆಂಡೆಯ ಪೆಟ್ಟುಗಳ ಮೇಲೆ ಗಮನವಿಟ್ಟರೆ ಕುಣಿತದ ಮುಕ್ತಾಯ ಬರುವುದು ಮೊದಲೇ ತಿಳಿಯುತ್ತದೆ. ಆಗ ವೇಷಧಾರಿ ನಿಲುವು ಕೊಟ್ಟು ನಿಲ್ಲುವುದರಿಂದ, ನನ್ನ ಅಭಿಪ್ರಾಯದಲ್ಲಿ, ಹಾರುವ ಚಿತ್ರಗಳಿಗಿಂತ ಹೆಚ್ಚು ಕಸುವುಳ್ಳ ಚಿತ್ರಗಳು ಅಲ್ಲೇ ಸಿಗುತ್ತವೆ.

ಮಹಿಷಾಸುರನ ವಿಷಯವೇ ಬೇರೆ. ಪ್ರೇಕ್ಷಕರ ನಡುವಿನಿಂದ ದೊಂದಿಗಳೊಡನೆ ಬರುವಾಗ ರಂಗಸ್ಥಳದ ದೀಪ ಅವನನ್ನು ತಲುಪುವುದಿಲ್ಲ, ರಾಳದ ಪುಡಿ ಎರಚಿದೊಡನೆ ಬೆಳಕು ಹಲವು ಪಟ್ಟು ಏರಿ ಮರುಕ್ಷಣವೇ ಬೀಳುತ್ತದೆ. ಇಲ್ಲಿ, ಶಟರ್ ವೇಗವನ್ನಷ್ಟೇ ನಾವು ಹೊಂದಿಸುವ ಎಸ್ ಮೋಡ್‌ಗೆ ಬದಲಾಯಿಸಿ, ಶಟರ್ 1/250 ಮಾಡಿ, ಗರಿಷ್ಠ ಮಿತಿ 6400 ಇರುವಂತೆ ಆಟೊ ಐಎಸ್‌ಒ ಹಾಕಿ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪ್ ಕೆಳಗಿಳಿಸಿ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕಿನ ಅರ್ಧದಷ್ಟು). ಕತ್ತಲೆಯಲ್ಲಿ ಫೋಕಸ್ ತಡವರಿಸದಂತೆ ನಡುವಿನ ಬಿಂದುವೊಂದನ್ನೇ ಆರಿಸಿ. ಡಿ3500ರ 11 ಬಿಂದುಗಳಲ್ಲಿ ಅಡ್ಡಲಾಗಿಯೂ ಲಂಬವಾಗಿಯೂ ಗುರುತಿಸಬಲ್ಲ ಕ್ರಾಸ್ ಮಾದರಿಯದು ಅದೊಂದೇ.

ನೆರಳುಬೆಳಕು:
ಒಂದು ಮಾತು ಸೇರಿಸುತ್ತೇನೆ. ಫ್ಲ್ಯಾಶ್ ಬೇಡವೆಂಬ ನಿಮ್ಮ ನಿರ್ಧಾರ ತುಂಬಾ ಸರಿಯಾದದ್ದು. ಹಾಗೆಯೇ ಮೆನುವಿನಲ್ಲಿ ಎಎಫ್ ಸಹಾಯಕ ದೀಪವನ್ನೂ, ಚಿತ್ರ ತೆಗೆದೊಡನೆ ಪರದೆಯಲ್ಲಿ ಮೂಡುವ ವ್ಯವಸ್ಥೆಯನ್ನೂ ನಿಲ್ಲಿಸಿಬಿಡಿ, ಏಕೆಂದರೆ ಕತ್ತಲೆಯಲ್ಲಿ ಕುಳಿತವರಿಗೆ ಅವೂ ಕಣ್ಣಿಗೆ ಕುಕ್ಕುತ್ತವೆ. ರಂಗಸ್ಥಳದ ಬುಡದಲ್ಲಿ ನಿಂತರೆ ಗಲ್ಲವೇ ದೊಡ್ಡದಾಗಿ ಕಾಣುವುದರಿಂದ ಬದಿಯಲ್ಲಿ ಸ್ವಲ್ಪ ಎತ್ತರದ ಜಾಗ ಹುಡುಕಿಕೊಳ್ಳಿ. ಚೌಕಿಗೆ (ವೇಷ ಕಟ್ಟುವ ಜಾಗ) ಹೋಗುವ ಮುನ್ನ ಮೇಳದವರನ್ನು ಕೇಳಿ. ಅನುಮತಿ ಸಿಕ್ಕರೆ, ಬಣ್ಣದ ವೇಷದವರು (ರಾಕ್ಷಸ ಪಾತ್ರಧಾರಿಗಳು) ಗಂಟೆಗಟ್ಟಲೆ ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಡುವಾಗ ಹೆಚ್ಚು ಅಲುಗಾಡದ ಕಾರಣ ನಿಮ್ಮ ಈಗಿನ ಲೆನ್ಸಿನಲ್ಲೇ 1/60 ಸೆಕೆಂಡಿಗೆ ಒಳ್ಳೆಯ ಚಿತ್ರಗಳು ಸಿಗುತ್ತವೆ. ಹೊಸ ಲೆನ್ಸ್ ಬರುವವರೆಗೆ ಅಲ್ಲಿಂದಲೇ ಆರಂಭಿಸಬಹುದು.