ಆರ್‌ಎನ್‌ಎ-ಸೀಕ್‌ನಲ್ಲಿ ಎಚ್‌ಎಲ್‌ಎ-ಸಿ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ಸರ್, ನಮ್ಮ ಆರ್‌ಎನ್‌ಎ-ಸೀಕ್ (ಜೀನ್‌ಗಳ ಆರ್‌ಎನ್‌ಎಯನ್ನು ತುಣುಕು ತುಣುಕಾಗಿ ಓದಿ ಎಣಿಸುವ ವಿಧಾನ) ಡೇಟಾದಲ್ಲಿ, ರೋಗನಿರೋಧಕ ಜೀನ್ ಎಚ್‌ಎಲ್‌ಎ-ಸಿಯ ಸಿ*07:02 ಅಲೀಲ್ (ರೂಪಭೇದ) ಇರುವವರಲ್ಲೇ ಆ ಜೀನ್ ಜಾಸ್ತಿ ಕಾಣುತ್ತಿದೆ. ಕೋಶದ ಮೇಲಿನ ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ನೋಡಿದರೆ ಅವರ ಟಿ ಕೋಶಗಳ ಮೇಲೆ ಅದೇ ಪ್ರೋಟೀನ್ ಕಡಿಮೆ. ರೀಡ್‌ಗಳನ್ನು (ಓದಿದ ತುಣುಕುಗಳನ್ನು) ಸ್ಟಾರ್ ಸಾಫ್ಟ್‌ವೇರ್‌ನಲ್ಲಿ ಜೀನೋಮಿಗೆ ಅಲೈನ್ ಮಾಡಿ ಫೀಚರ್‌ಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಎಣಿಸಿದ್ದೇವೆ. ಯಾವುದನ್ನು ನಂಬೋದು?

ಉತ್ತರ: ಸದ್ಯಕ್ಕೆ ಫ್ಲೋವನ್ನೇ ನಂಬಿ. ಹೋಲಿಕೆಗೆ ಬಳಸುವ ಮಾನವ ರೆಫರೆನ್ಸ್ ಜೀನೋಮ್ ಜಿಆರ್‌ಸಿಎಚ್38ರ 6ನೇ ಕ್ರೋಮೋಸೋಮಿನಲ್ಲಿ ಇರುವುದೇ ಸಿ*07:02. ಆ ಅಲೀಲ್‌ನ ರೀಡ್‌ಗಳು ಸಲೀಸಾಗಿ ಕೂರುತ್ತವೆ. ಬೇರೆ ಅಲೀಲ್‌ನವು ಮಿಸ್‌ಮ್ಯಾಚ್ ಹೆಚ್ಚಾಗಿ ಉದುರುತ್ತವೆ, ಇಲ್ಲವೇ ಎಚ್‌ಎಲ್‌ಎ-ಬಿಗೂ ಹೊಂದಿಕೊಂಡು ಮಲ್ಟಿಮ್ಯಾಪ್ ಆಗುತ್ತವೆ. ಫೀಚರ್‌ಕೌಂಟ್ಸ್ ಡೀಫಾಲ್ಟ್‌ನಲ್ಲಿ ಅವನ್ನು ಎಣಿಸುವುದೇ ಇಲ್ಲ.

ಅನುಮಾನವಿದ್ದರೆ ಡಿಆರ್‌ಬಿ5 ಎಂಬ ಇನ್ನೊಂದು ಎಚ್‌ಎಲ್‌ಎ ಜೀನ್‌ನ ಕೌಂಟ್ ತೆಗೆದು ನೋಡಿ. ಆ ಜೀನ್ ಸಾಮಾನ್ಯವಾಗಿ ಡಿಆರ್15, ಡಿಆರ್16 ಎಂಬ ಎಚ್‌ಎಲ್‌ಎ ಟೈಪ್ ಇದ್ದವರಲ್ಲಷ್ಟೇ ಇರುತ್ತದೆ. ಅವೆರಡೂ ಇಲ್ಲದವರಲ್ಲಿ ನೂರಾರು ರೀಡ್ ಬಂದಿದ್ದರೆ, ಬೇರೆ ಡಿಆರ್‌ಬಿ ಜೀನ್‌ಗಳ ರೀಡ್‌ಗಳು ದಾರಿ ತಪ್ಪಿ ಅಲ್ಲಿ ಸೇರಿಕೊಂಡಿವೆ ಎಂದೇ ಅರ್ಥ.

ಸರಿಪಡಿಸಲು ಮೊದಲು ಆರ್ಕಸ್‌ಎಚ್‌ಎಲ್‌ಎ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸ್ಯಾಂಪಲ್‌ನ ಟೈಪಿಂಗ್ ಮಾಡಿ (ಯಾರಲ್ಲಿ ಯಾವ ಅಲೀಲ್ ಇದೆ ಎಂದು ಗುರುತಿಸಿ). ಟ್ರಾನ್ಸ್‌ಕ್ರಿಪ್ಟೋಮ್ (ಎಲ್ಲ ಜೀನ್‌ಗಳ ಆರ್‌ಎನ್‌ಎ ಸೀಕ್ವೆನ್ಸ್‌ಗಳ) ಫೈಲಿನಿಂದ ಎಚ್‌ಎಲ್‌ಎ ಟ್ರಾನ್ಸ್‌ಕ್ರಿಪ್ಟ್‌ಗಳನ್ನೆಲ್ಲ ತೆಗೆದು, ಆಯಾ ವ್ಯಕ್ತಿಯ ಎರಡೆರಡು ಅಲೀಲ್‌ಗಳ ಸೀಕ್ವೆನ್ಸನ್ನು ಎಚ್‌ಎಲ್‌ಎ ಅಲೀಲ್‌ಗಳ ಸಂಗ್ರಹವಾದ ಐಎಂಜಿಟಿ ಡೇಟಾಬೇಸಿನಿಂದ ಸೇರಿಸಿ. ಅದರಿಂದ ಇಂಡೆಕ್ಸ್ ಕಟ್ಟಿ, ರೀಡ್ ಎಣಿಸುವ ಸಾಲ್ಮನ್ ಸಾಫ್ಟ್‌ವೇರ್ ಓಡಿಸಿ, ಎರಡೂ ಅಲೀಲ್‌ಗಳ ಮೊತ್ತ ಹಾಕಿ. ತೆಗೆಯಬೇಕಿದ್ದ ಹಳೆಯ ಎಚ್‌ಎಲ್‌ಎ ಟ್ರಾನ್ಸ್‌ಕ್ರಿಪ್ಟ್ ಒಂದೇ ಉಳಿದರೂ ರೀಡ್‌ಗಳು ಹಂಚಿಹೋಗುತ್ತವೆ. ಇನ್ನೊಂದು: ಐಎಂಜಿಟಿಯ ನ್ಯೂಕ್ ಫೈಲಿನಲ್ಲಿ ಪ್ರೋಟೀನಿಗೆ ಕೋಡ್ ಮಾಡುವ ಭಾಗವಷ್ಟೇ ಇರುತ್ತದೆ, ಅದರ ಎರಡೂ ತುದಿಯ ಯುಟಿಆರ್ (ಕೋಡ್ ಮಾಡದ ಭಾಗ) ಇಲ್ಲ. 3 ಪ್ರೈಮ್ ತುದಿಯನ್ನಷ್ಟೇ ಓದುವ ಸಿಂಗಲ್‌ಸೆಲ್ ಡೇಟಾಗೆ ಈ ದಾರಿ ಹಿಡಿದರೆ ಕೈಗೆ ಹೆಚ್ಚೇನೂ ಸಿಗದು.

ಪ್ರಶ್ನೆ: ಇಷ್ಟೆಲ್ಲ ಬಿಟ್ಟು ಕ್ಯೂಪಿಸಿಆರ್ (ಒಂದು ಜೀನನ್ನೇ ನಕಲು ಮಾಡಿ ಅಳೆಯುವ ವಿಧಾನ) ಮಾಡಿದರೆ ಆಗದೇ ಸರ್?

ಉತ್ತರ: ಆಗುತ್ತದೆ, ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು) ಸರಿಯಿದ್ದರೆ. ಪ್ರೈಮರ್‌ನ 3 ಪ್ರೈಮ್ ಕೊನೆಯ ಬೇಸ್ ಒಂದು ಎಸ್‌ಎನ್‌ಪಿ (ಅಲೀಲ್‌ಗಳ ನಡುವೆ ಬದಲಾಗುವ ಬೇಸ್) ಮೇಲೆ ಬಿದ್ದರೆ ಹೊಂದದ ಅಲೀಲ್ ಸರಿಯಾಗಿ ಆಂಪ್ಲಿಫೈ ಆಗಲ್ಲ. ಸಿಟಿ (ಸಿಗ್ನಲ್ ಕಾಣಿಸುವ ಸೈಕಲ್ ಸಂಖ್ಯೆ) ಒಂದು ಹೆಚ್ಚುಕಮ್ಮಿಯಾದರೆ ಎರಡು ಪಟ್ಟು ವ್ಯತ್ಯಾಸ, ನೆನಪಿರಲಿ. ನಿಮ್ಮ ಸ್ಯಾಂಪಲ್‌ಗಳಲ್ಲಿರುವ ಎಲ್ಲ ಸಿ ಅಲೀಲ್‌ಗಳನ್ನೂ ಅಲೈನ್ ಮಾಡಿ, ಬದಲಾಗದ ಜಾಗದಲ್ಲೇ ಪ್ರೈಮರ್ ಇಡಿ. ಎ, ಬಿ ಜೀನ್‌ಗಳಿಗೆ ಅಂಟದಂತೆಯೂ ನೋಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟ.

ಇನ್ನೊಬ್ಬರ ಉತ್ತರ: ಸಿ*07 ಕಡಿಮೆ ಇರಲು ಜೈವಿಕ ಕಾರಣವೂ ಇದೆ. ಅದರ 3 ಪ್ರೈಮ್ ಯುಟಿಆರ್‌ನಲ್ಲಿ ಜೀನ್‌ನ ಅಭಿವ್ಯಕ್ತಿ ತಗ್ಗಿಸುವ ಎಂಐಆರ್-148ಎ ಎಂಬ ಮೈಕ್ರೋಆರ್‌ಎನ್‌ಎ ಅಂಟುವ ಜಾಗ ಹಾಗೇ ಉಳಿದಿದೆ. ಸಿ*06ರಂಥ ಅಲೀಲ್‌ಗಳಲ್ಲಿ ಅಲ್ಲಿ ಒಂದು ಬೇಸ್ ಡಿಲೀಟ್ ಆಗಿ ಆ ಹಿಡಿತ ತಪ್ಪಿದೆ. ಅಂದಹಾಗೆ, ಫ್ಲೋಗೆ ಡಿಟಿ9 ಆ್ಯಂಟಿಬಾಡಿ ಬಳಸಿದ್ದೀರಾ? ಅದು ಎಚ್‌ಎಲ್‌ಎ-ಸಿಗಷ್ಟೇ ಅಲ್ಲ, ಎಚ್‌ಎಲ್‌ಎ-ಇಗೂ ಅಂಟುತ್ತದೆ. 3ಡಿ12 ಆ್ಯಂಟಿಬಾಡಿಯಿಂದ ಎಚ್‌ಎಲ್‌ಎ-ಇ ಪ್ರತ್ಯೇಕ ಅಳೆದುಕೊಳ್ಳಿ.