ಥ್ರಾಟಲ್ ಪೊಸಿಶನ್ ಸೆನ್ಸರ್ 0.78 ವೋಲ್ಟ್ ತೋರಿಸುತ್ತಿದೆ, ಸರಿಯಾಗಿ ಕೂರಿಸುವುದು ಹೇಗೆ?

ಟಿಳಕವಾಡಿ_ರೈಡರ್:
ಎಲ್ಲರಿಗೂ ನಮಸ್ಕಾರ. ನನ್ನದು ಇಂಜೆಕ್ಷನ್ ಇರುವ 200 ಸಿಸಿ ಬೈಕ್, ಬಿಎಸ್4 (ಹಿಂದಿನ ಹೊಗೆ ನಿಯಮ) ಕಾಲದ್ದು. ಮಳೆಗಾಲಕ್ಕೆ ಮುಂಚೆ ಇಲ್ಲೇ ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಕ್ಲೀನ್ ಮಾಡಿಸಿದೆ, ಅಲ್ಲಿಂದ ಶುರುವಾಯಿತು ನೋಡಿ. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಒಮ್ಮೆ 1400, ಒಮ್ಮೆ 2000, ಒಂದು ಕಡೆ ನಿಲ್ಲುವುದೇ ಇಲ್ಲ. ಚೋರ್ಲಾ ಘಾಟು ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಮೊದಲಿನಂತೆ ಗಾಡಿಯನ್ನು ಹಿಡಿಯುವುದಿಲ್ಲ, ತಿರುವಿನಲ್ಲಿ ನಿಜಕ್ಕೂ ಹೆದರಿಕೆ ಆಗುತ್ತದೆ. ಪೆಟ್ರೋಲ್ ವಾಸನೆಯೂ ಜಾಸ್ತಿ. ಇಂಜಿನ್ ಲೈಟ್ ಮಾತ್ರ ಹತ್ತಿಲ್ಲ.

ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಸೆನ್ಸರ್‌ನ ಎರಡು ಸ್ಕ್ರೂ ಬಿಚ್ಚಿ ಮತ್ತೆ ಹಾಕಿದ್ದಾರೆ, ಸ್ಕ್ರೂ ಮೇಲಿನ ಬಣ್ಣದ ಗುರುತು ಒಡೆದಿದೆ. ತೂತು ಉದ್ದಕ್ಕಿದೆ, ಹಾಗಾಗಿ ಸೆನ್ಸರ್ ಸ್ವಲ್ಪ ಆಚೀಚೆ ತಿರುಗುತ್ತದೆ. ಮಲ್ಟಿಮೀಟರ್ ಹಚ್ಚಿದರೆ 0.78 ವೋಲ್ಟ್ ಬರುತ್ತದೆ, ಮ್ಯಾನ್ಯುಯಲ್‌ನಲ್ಲಿ 0.60 ಎಂದಿದೆ. ಸುಮ್ನೆ ತಿರುಗಿಸಿ 0.60ಕ್ಕೆ ತಂದು ಟೈಟ್ ಮಾಡಿದರೆ ಆಯ್ತಾ? ಗ್ಯಾರೇಜಿನವರು ಪೂರ್ತಿ ಥ್ರಾಟಲ್ ಬಾಡಿನೇ ಹೊಸದು ಹಾಕಿಸಿ ಅನ್ನುತ್ತಾರೆ.

ಉದ್ಯಮಬಾಗ_ಫಿಟ್ಟರ್:
ತಮ್ಮಾ, ಥ್ರಾಟಲ್ ಬಾಡಿಗೆ ಈಗಲೇ ದುಡ್ಡು ಹಾಕಬೇಡ. ಸೆನ್ಸರನ್ನೂ ಇನ್ನೂ ತಿರುಗಿಸಬೇಡ, ಮೊದಲು ಅಳತೆ ಮಾಡು.

ಅದರಲ್ಲಿ ಮೂರು ವೈರ್. ಒಂದರಲ್ಲಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) 5 ವೋಲ್ಟ್ ಕಳಿಸುತ್ತದೆ, ಒಂದು ಅರ್ಥ್, ಒಂದು ಸಿಗ್ನಲ್. ಥ್ರಾಟಲ್ ತೆರೆದಷ್ಟು ಸಿಗ್ನಲ್ ಏರುತ್ತದೆ. ನಿನ್ನ ಗಾಡಿಯಲ್ಲಿ ಥ್ರಾಟಲ್ ಮುಚ್ಚಿದ್ದರೂ 0.78 ಬರುತ್ತಿದೆ, ಅಂದರೆ ಇಸಿಯು ಲೆಕ್ಕದಲ್ಲಿ ನೀನು ಆಕ್ಸಿಲರೇಟರ್ ಇನ್ನೂ ಸ್ವಲ್ಪ ಹಿಡಿದೇ ಇದ್ದೀಯಾ. ಹಾಗಾಗಿ ಅದು ಐಡಲ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ಲೆಕ್ಕಕ್ಕೆ ಬರುವುದಿಲ್ಲ, ಇಳಿಜಾರಿನಲ್ಲಿ ಪೆಟ್ರೋಲ್ ನಿಲ್ಲಿಸುವುದೂ ಇಲ್ಲ. ಘಾಟಿನಲ್ಲಿ ಇಂಜಿನ್ ಹಿಡಿಯದೇ ಇರುವುದು ಇದಕ್ಕೇ. ಲೈಟ್ ಹತ್ತದ್ದಕ್ಕೂ ಕಾರಣ ಇದೆ. ಸಿಗ್ನಲ್ ತೀರ ಕೆಳಗಿಳಿದರೆ ಪಿ0122, ತೀರ ಮೇಲೇರಿದರೆ ಪಿ0123 ಎಂಬ ದೋಷದ ಕೋಡ್ ಬಂದು ಲೈಟ್ ಹತ್ತುತ್ತದೆ. 0.78 ನಡುವೆ ಇದೆ, ಇಸಿಯುಗೆ ಅದು ತಪ್ಪು ಅಂತ ಅನ್ನಿಸುವುದೇ ಇಲ್ಲ.

ಇಗ್ನಿಷನ್ ಆನ್, ಇಂಜಿನ್ ಆಫ್. ಮೀಟರ್ 20 ವೋಲ್ಟ್ ರೇಂಜಿಗೆ ಇಡು. ಕನೆಕ್ಟರ್ ಬಿಚ್ಚಬೇಡ, ಹಿಂದಿನಿಂದ ವೈರ್ ಪಕ್ಕಕ್ಕೆ ತೆಳು ಸೂಜಿ ತೂರಿಸಿ ಅಳೆ, ಅಕ್ಕಪಕ್ಕದ ಪಿನ್‌ಗೆ ತಾಗದಂತೆ ನೋಡಿಕೋ. ವೈರಿನ ಮೇಲ್ಪದರಕ್ಕೆ ಮಾತ್ರ ಚುಚ್ಚಲೇಬೇಡ, ನಮ್ಮ ಕಡೆಯ ಮಳೆಗೆ ಆ ತೂತಿನಿಂದ ನೀರು ಹೋಗಿ ಒಳಗೆ ತಾಮ್ರ ಹಸಿರಾಗುತ್ತದೆ. ಮೊದಲು 5 ವೋಲ್ಟ್ ವೈರ್ ನೋಡು. ಅದೇ 4.90 ಬಂದರೆ ನಿನ್ನ 0.60 ಅನ್ನುವುದು 0.59 ಆಗುತ್ತದೆ, ಯಾಕೆಂದರೆ ಲೆಕ್ಕ ಇರುವುದು ಅನುಪಾತದಲ್ಲಿ, 5ಕ್ಕೆ 0.60 ಅಂದರೆ ನೂರಕ್ಕೆ 12. ಆಮೇಲೆ ಸೆನ್ಸರ್‌ನ ಅರ್ಥ್ ವೈರಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆ. ಅಲ್ಲಿ ಸೊನ್ನೆ ಹತ್ತಿರ ಇರಬೇಕು. ಅರ್ಥ್ ಕೆಟ್ಟಿದ್ದರೆ ಸಿಗ್ನಲ್ ತಾನೇ ಮೇಲೇರುತ್ತದೆ, ಆಗ ಸೆನ್ಸರ್ ತಿರುಗಿಸುವುದು ಅಂದರೆ ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಇನ್ನೊಂದು ಮಾತು. ಮ್ಯಾನ್ಯುಯಲ್‌ನ 0.60 ಯಾವ ಸ್ಥಿತಿಗೆ? ಐಡಲ್ ಸ್ಕ್ರೂ ಪೂರ್ತಿ ಹಿಂದೆ ತಿರುಗಿಸಿ ಥ್ರಾಟಲ್ ಒಳಗಿನ ಪ್ಲೇಟ್ ನಿಜವಾಗಿ ಮುಚ್ಚಿದಾಗಲಾ, ಅಥವಾ ಐಡಲ್‌ನಲ್ಲಿ ನಿಂತ ಜಾಗದಲ್ಲಾ? ಕೆಲವು ಗಾಡಿಗೆ ಒಂದು, ಕೆಲವಕ್ಕೆ ಇನ್ನೊಂದು. ಇದನ್ನು ಓದಿ ಹೇಳು.

ಟಿಳಕವಾಡಿ_ರೈಡರ್:
ಅಣ್ಣಾ, ತುಂಬಾ ಉಪಕಾರ ಆಯ್ತು. 5 ವೋಲ್ಟ್ ವೈರಿನಲ್ಲಿ 4.98 ಇದೆ, ಅರ್ಥ್‌ನಲ್ಲಿ 0.01. ಮ್ಯಾನ್ಯುಯಲ್‌ನಲ್ಲಿ ಐಡಲ್ ಸ್ಕ್ರೂ ಪೂರ್ತಿ ಹಿಂದೆ ತಿರುಗಿಸಿ ಅಳೆಯಬೇಕು ಎಂದೇ ಇದೆ. ಹಾಗೆ ಮಾಡಿದಾಗ 0.74ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ. ಕೇಬಲ್ ಕೂಡ ಸಡಿಲವಾಗಿಯೇ ಇದೆ, ಎಳೆದು ಹಿಡಿದಿಲ್ಲ.

ವಿಜಯಪುರ_ಬುಲ್ಸ್‌ಐ:
ಹಾಗಾದರೆ ಸೆನ್ಸರ್ ಕೂತ ಜಾಗವೇ ಸರಿದಿದೆ. ಆದರೆ ತಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿ ಬ್ರದರ್, ನನ್ನ ಪ್ರಕಾರ 0.60 ಅನ್ನುವ ಅಂಕಿಗಿಂತ ಇದು ದೊಡ್ಡದು. ಮೀಟರ್ ಹಚ್ಚಿಟ್ಟು ಆಕ್ಸಿಲರೇಟರನ್ನು ತೀರ ನಿಧಾನವಾಗಿ ಸೊನ್ನೆಯಿಂದ ಪೂರ್ತಿವರೆಗೆ ತೆರೆಯಿರಿ. ಅಂಕಿ ಒಂದೇ ಸಮ ಏರಬೇಕು, ನಡುವೆ ಎಲ್ಲೂ ಬೀಳಬಾರದು. ಹಳೇ ಮುಳ್ಳಿನ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ, ಸಣ್ಣ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಮುಳ್ಳು ಗಬಕ್ಕನೆ ಕೆಳಗೆ ಬಿತ್ತು ಅಂದರೆ ಸೆನ್ಸರ್ ಒಳಗೆ ಕಡ್ಡಿ ಉಜ್ಜುವ ಪಟ್ಟಿ ಸವೆದಿದೆ. ನಾವು ಊರಲ್ಲಿ ಓಡಿಸುವುದೆಲ್ಲ ಸ್ವಲ್ಪವೇ ತೆರೆದ ಥ್ರಾಟಲ್‌ನಲ್ಲಿ ಅಲ್ವಾ, ಹಾಗಾಗಿ ಸವೆಯುವುದೂ ಐಡಲ್‌ನಿಂದ ತುಸು ಮೇಲಿನ ಜಾಗದಲ್ಲೇ ಜಾಸ್ತಿ. ಅಲ್ಲಿ ಬಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಹೊಸ ಸೆನ್ಸರ್ ಹಾಕಲೇಬೇಕು.

ಮ್ಯಾಗ್ನೆಟ್ ಇರುವ ಹಾಲ್ ಸೆನ್ಸರ್ ಆದರೆ ಸವೆಯುವ ಪಟ್ಟಿಯೇ ಇರುವುದಿಲ್ಲ. ಅದಕ್ಕೆ ಮೀಟರಿನಲ್ಲಿ ಓಮ್ (ರೆಸಿಸ್ಟೆನ್ಸ್) ಹಾಕಿ ನೋಡಬೇಡಿ, ವೋಲ್ಟ್ ಮಾತ್ರ ನೋಡಿ.

ಬಾಗಲಕೋಟೆ_ಮಂದಿ:
ನನ್ನ ತಮ್ಮ ಕೆನಡಾದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ರಿಪೇರಿ ಮಾಡುತ್ತಾನೆ, ಅವನಿಗೆ ಈ ಸೆನ್ಸರ್ ದಿನದ ಕೆಲಸ. ಅಲ್ಲಿನ ಎಷ್ಟೋ ಟೂ ಸ್ಟ್ರೋಕ್ ಇಂಜೆಕ್ಷನ್ ಗಾಡಿಗಳಲ್ಲಿ ಇಸಿಯು ಮುಖ್ಯವಾಗಿ ನೋಡುವುದು ಎರಡೇ, ಥ್ರಾಟಲ್ ಎಷ್ಟು ತೆರೆದಿದೆ ಮತ್ತು ಆರ್‌ಪಿಎಂ ಎಷ್ಟು. ಸೆನ್ಸರ್ ತುಸು ಸರಿದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಕಡಿಮೆ ಪೆಟ್ರೋಲ್‌ನಲ್ಲಿ ಟೂ ಸ್ಟ್ರೋಕ್ ಬಿಸಿಯಾದರೆ ಪಿಸ್ಟನ್ನೇ ಹಿಡಿದು ನಿಲ್ಲುತ್ತದೆ, ಅದೂ ಊರಿಂದ ದೂರ ಹಿಮದ ಮಧ್ಯೆ. ಕೆಲವು ಗಾಡಿಗಳಲ್ಲಿ ಸೆನ್ಸರ್ ತಿರುಗಿಸುವ ಹಾಗೇ ಇಲ್ಲ, ಕಂಪನಿ ಸಾಫ್ಟ್‌ವೇರ್ ಹಾಕಿ ಮುಚ್ಚಿದ ಸ್ಥಾನ ಇದು ಎಂದು ಇಸಿಯುಗೆ ಕಲಿಸಬೇಕು.

ತಿರುಗಿಸುವಾಗ ಅವನು ಮಾಡುವುದು ಹೀಗೆ. ಎರಡೂ ಸ್ಕ್ರೂ ಅರ್ಧ ಸಡಿಲ ಮಾಡುತ್ತಾನೆ, ಪೂರ್ತಿ ಅಲ್ಲ. ಸೆನ್ಸರ್ ತುಸು ತಿರುಗಿಸಿ ಅಂಕಿ ಬಂದ ಮೇಲೆ ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿ ಮಾಡುತ್ತಾ ಮೀಟರ್ ನೋಡುತ್ತಲೇ ಇರುತ್ತಾನೆ, ಯಾಕೆಂದರೆ ಸ್ಕ್ರೂ ಬಿಗಿಯುವಾಗಲೇ ಸೆನ್ಸರ್ ಸರಿಯುತ್ತದೆ. ಆಮೇಲೆ ಥ್ರಾಟಲ್ ತೆರೆದು ಟಪ್ ಅಂತ ಬಿಟ್ಟು, ಅದೇ ಅಂಕಿಗೆ ವಾಪಸ್ ಬರುತ್ತದಾ ನೋಡುತ್ತಾನೆ. ಬರದಿದ್ದರೆ ಸ್ಪ್ರಿಂಗ್, ಕೇಬಲ್ ಅಥವಾ ಪ್ಲೇಟಿನ ಅಂಚಿನ ಮಸಿ ನೋಡಬೇಕು.

ಟಿಳಕವಾಡಿ_ರೈಡರ್:
ಈಗಷ್ಟೇ ಮುಗಿಸಿದೆ. ಗೆಳೆಯನ ಮುಳ್ಳಿನ ಮೀಟರ್ ತಂದು ನೋಡಿದೆ, ಸೆನ್ಸರ್ ಒಂದೇ ಸಮ ಏರುತ್ತದೆ, ಎಲ್ಲೂ ಬೀಳಲಿಲ್ಲ. ಸೆನ್ಸರ್ ಬದಲಿಸುವ ಮಾತೇ ಇಲ್ಲ. 0.60ಕ್ಕೆ ಕೂರಿಸಿ, ಟಪ್ ಅಂತ ಬಿಟ್ಟರೂ ಅದೇ ಅಂಕಿ. ಪೂರ್ತಿ ತೆರೆದಾಗಲೂ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಇದೆ. ಐಡಲ್ ಸ್ಕ್ರೂ ಮಾತ್ರ ಈಗ ಪೂರ್ತಿ ಹಿಂದಿದೆ, ಇಂಜಿನ್ ಸ್ಟಾರ್ಟ್ ಆದ ಕೂಡಲೇ ನಿಲ್ಲುತ್ತದೆ. ಆರ್‌ಪಿಎಂ ಏರಿಸಲು ಸೆನ್ಸರನ್ನೇ ತುಸು ತಿರುಗಿಸಲಾ?

ಉದ್ಯಮಬಾಗ_ಫಿಟ್ಟರ್:
ಬೇಡವೇ ಬೇಡ! ಸೆನ್ಸರ್ ಸ್ಕ್ರೂ ಇನ್ನು ಮುಟ್ಟಬೇಡ, ಅದರ ಮೇಲೆ ಈಗಲೇ ಒಂದು ಹನಿ ಬಣ್ಣ ಹಚ್ಚು. ಗಾಡಿ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ಐಡಲ್ ಸ್ಕ್ರೂನಿಂದ ಮ್ಯಾನ್ಯುಯಲ್ ಹೇಳಿದ ಆರ್‌ಪಿಎಂಗೆ ತಾ. ಆಗ ಸಿಗ್ನಲ್ 0.60ಕ್ಕಿಂತ ತುಸು ಮೇಲೆ ಹೋಗುತ್ತದೆ, ಅದು ಸರಿಯೇ. ಕನೆಕ್ಟರ್ ಒಳಗಿನ ರಬ್ಬರ್ ಸೀಲ್ ಸರಿ ಕೂತಿದೆಯಾ ನೋಡಿ ಮುಚ್ಚು.

ಟಿಳಕವಾಡಿ_ರೈಡರ್:
ಮಾಡಿದೆ ಅಣ್ಣಾ, 1400ಕ್ಕೆ ನಿಂತಿದೆ, ಅಲುಗಾಡುತ್ತಿಲ್ಲ. ಭಾನುವಾರ ಮಳೆ ಬಿಟ್ಟರೆ ಚೋರ್ಲಾ ಕಡೆ ಹೋಗಿ ಇಳಿಜಾರಿನಲ್ಲಿ ಇಂಜಿನ್ ಹಿಡಿಯುತ್ತದಾ ನೋಡಿ ಬರೆಯುತ್ತೇನೆ.